ಮುಚ್ಚಿಸಿದ ಕಣ್ಣು

ನಮ್ಮೂರಲ್ಲಿ ಈಸ್ಟರಿನ ಕೆಂಪು ಮೊಟ್ಟೆ ಎಂದರೆ ಇವಾಂಥಿಯಾಳದ್ದೇ. ಎಪಿರಸ್‌ನ ಈ ಬೆಟ್ಟದ ಹಳ್ಳಿಗಳಲ್ಲಿ ಅಂಥ ಕೆಂಪು ಬೇರೆ ಯಾರ ಕೈಗೂ ಬರುತ್ತಿರಲಿಲ್ಲ.

ಥೈರಾಯ್ಡ್ ಕೆಟ್ಟು ಅವಳ ಕಣ್ಣುಗಳು ಮುಂದಕ್ಕೆ ಉಬ್ಬಿದವು, ಎಡಗಣ್ಣು ಹೆಚ್ಚು. ಕೆಟ್ಟ ದೃಷ್ಟಿ ಎನ್ನಲು ನಮ್ಮವರಿಗೆ ಅಷ್ಟೇ ಸಾಕಾಯಿತು. ಅವಳನ್ನು ಕಂಡರೆ ಹೆಂಗಸರು ಕೂಸಿನ ಮುಖ ಮುಚ್ಚಿ, ಮೂರು ಸಲ ಥೂ ಥೂ ಎಂದು ಉಗುಳಿ ದಾಟಿಹೋಗುತ್ತಿದ್ದರು.

ಗಂಡನ ಅಕ್ಕ ಪೊಲಿಕ್ಸೇನಿ ಅವಳನ್ನು ಯಾನಿನಾ ಪಟ್ಟಣಕ್ಕೆ ಕರೆದೊಯ್ದಳು. ಕಣ್ಣಿನ ಡಾಕ್ಟರಮ್ಮ ಉಬ್ಬನ್ನು ಅಳೆದರು. ನೋವಿದೆಯೇ, ಒಂದು ಎರಡಾಗಿ ಕಾಣುತ್ತದೆಯೇ ಎಂದೆಲ್ಲ ಕೇಳಿದರು.

"ಸದ್ಯಕ್ಕೆ ಹಗುರವಾಗೇ ಇದೆ. ಉಬ್ಬು ನೋಡಿ ಹೆದರ್ಬೇಡಿ. ಆದ್ರೆ ಬಣ್ಣ ಮಂಕಾಗಿ ಕಂಡ್ರೆ ಅವತ್ತೇ ಬನ್ನಿ. ಹಿಂದಿನ ನರ ಒತ್ತಿದ್ರೆ ಕಣ್ಣೇ ಹೋಗುತ್ತೆ."

ಈ ಮಾತು ಪಕ್ಕದ ಮನೆಯ ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಪೊಲಿಕ್ಸೇನಿ ಊರಿಗೆ ತಂದದ್ದು 'ಹಗುರ' ಎಂಬ ಒಂದೇ ಮಾತನ್ನು. ತನ್ನ ಸೊಸೆ ಹೆತ್ತ ಕೂಸು ಮನೆಯಲ್ಲಿತ್ತಲ್ಲ, ತಮ್ಮನ ಹೆಂಡತಿಯ ಎಡಗಣ್ಣಿಗೆ ತಾನೇ ಕಪ್ಪು ಬಟ್ಟೆ ಕಟ್ಟಿದಳು.

ಈಸ್ಟರಿಗೆ ಮುಂಚಿನ ಗುರುವಾರ ಇವಾಂಥಿಯಾ ಬಲಗಣ್ಣೊಂದರಲ್ಲೇ ಮೊಟ್ಟೆಗೆ ಬಣ್ಣ ಹಾಕಿದಳು. ಎಷ್ಟು ಅದ್ದಿದರೂ ಅವಳಿಗೆ ಸಾಲದು. ಪುಡಿ ಸುರಿದಳು, ಮತ್ತೆ ಸುರಿದಳು. ಮೊಟ್ಟೆಗಳು ಕರಿ ರಕ್ತದ ಬಣ್ಣಕ್ಕೆ ತಿರುಗಿದವು.

"ಕೆಂಪು ಹತ್ತುತ್ತಾನೇ ಇಲ್ಲ ಅತ್ತಿಗೆ, ಬರೀ ಮಣ್ಣು ಬಣ್ಣ. ಡಾಕ್ಟರಮ್ಮ ಬಣ್ಣದ್ದು ಏನೋ ಹೇಳಿದ್ರಲ್ಲ?"

"ನಿನ್ ಕಣ್ಣೇ ತಾಗಿರ್ಬೇಕು ಅದಕ್ಕೆ! ಹಬ್ಬದ ದಿನ ಆಸ್ಪತ್ರೆ ಅಂತ ಸುಮ್ನೆ ರಾಗ ತೆಗೀಬೇಡ."

ಆ ವರ್ಷ ಅವಳ ಮೊಟ್ಟೆ ತೆಗೆದುಕೊಂಡು, ಒಂದಕ್ಕೊಂದು ಕುಟ್ಟಿ ಒಡೆಯುವ ಹಬ್ಬದ ಆಟ ಆಡಿದವರು ಒಬ್ಬರೂ ಇಲ್ಲ. ಹಬ್ಬ ಕಳೆಯಿತು, ಕುರಿ ಉಣ್ಣೆ ಕತ್ತರಿಸುವ ಕೆಲಸ ಬಂತು, ಅದೂ ಮುಗಿಯಿತು. ಕೊನೆಗೆ ಡಾಕ್ಟರಮ್ಮ ಔಷಧದ ಬಾಟಲಿಯ ಕೆಂಪು ಮುಚ್ಚಳವನ್ನು ಒಂದೊಂದೇ ಕಣ್ಣಿಗೆ ಹಿಡಿದು ತೋರಿಸಿದಾಗ ಎಡಗಣ್ಣಿಗೆ ಕೆಂಪು ಕಂಡಿತು. ಬಲಗಣ್ಣಿಗೆ ಮುಚ್ಚಳವೇ ಕಾಣಲಿಲ್ಲ. ಆಪರೇಷನ್ ಮಾಡಿ ಎಡಗಣ್ಣನ್ನಷ್ಟೇ ಉಳಿಸಿಕೊಟ್ಟರು.

ಮರುವರ್ಷ ಅವಳ ಮೊಟ್ಟೆಗಳು ಮತ್ತೆ ಚೆಂದದ ಕೆಂಪು. ನಾನೂ ಅಲ್ಲೇ ಇದ್ದೆ. ಪೊಲಿಕ್ಸೇನಿ ಮೊಮ್ಮಗನನ್ನು ಎತ್ತಿಕೊಂಡು ಬಂದವಳು ಹೊಸ್ತಿಲಲ್ಲೇ ನಿಂತಳು.

"ಇವಾಂಥಿಯಾ, ಮಗು ಬಂದಿದೆ ಕಣೇ. ಆ ಕಣ್ಣಿಗೆ ಬಟ್ಟೆ ಕಟ್ಕೋ."

"ಕಟ್ಕೊಂಡ್ರೆ ನಂಗೆ ಪೂರ್ತಿ ಕತ್ತಲೆ, ಅತ್ತಿಗೆ."

"ಒಂದು ಗಳಿಗೆ ತಾನೇ? ಮೊಟ್ಟೆ ತಗೊಂಡು ಹೋಗ್ತೀವಿ."