ನಮ್ಮವರ ಗಲ್ಲಿಯಲ್ಲಿ ಒಂದು ರಾತ್ರಿ

ಪರ ಊರಿಗೆ ಹೋದಾಗ ಎಲ್ಲಿ ಇಳಿದುಕೊಳ್ಳಬೇಕು ಎಂಬುದಕ್ಕೆ ನಮ್ಮಪ್ಪನ ಹತ್ತಿರ ಒಂದೇ ಅಳತೆ ಇತ್ತು: ಅಲ್ಲಿ ನಮ್ಮವರು ಇದ್ದಾರೆಯೇ? ಹೋಗಬೇಕಾದ ಜಾಗ ಅಲ್ಲಿಂದ ಎಷ್ಟು ದೂರ, ಬಸ್ಸು ಎಲ್ಲಿ ಸಿಗುತ್ತದೆ, ಇವೆಲ್ಲ ಆಮೇಲಿನ ಮಾತು. ಐಗಳಿಯ ಹತ್ತಿರ ಕಬ್ಬು, ದ್ರಾಕ್ಷಿ ಬೆಳೆಯುವ ಜೈನ ಮನೆತನ ನಮ್ಮದು. ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು, ಕುಡಿಯುವ ನೀರು ಸೋಸಿರಬೇಕು. ಹಾಗಾಗಿ ಅಪ್ಪನ ಅಳತೆಗೆ ಕಾರಣವೂ ಇತ್ತು. ಅದನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ ಮನೆಗೆ ಬಂದು ವರ್ಷವಾಗಿತ್ತು. ನಿಪ್ಪಾಣಿಯ ಒಂದು ಕಾಲೇಜಿನಿಂದ ಸಂದರ್ಶನಕ್ಕೆ ಕಾಗದ ಬಂತು. ಒಂದೇ ಹುದ್ದೆ, ಅದೂ ತಾತ್ಕಾಲಿಕ. ಬೆಳಿಗ್ಗೆ ಒಂಬತ್ತಕ್ಕೆ ಹಾಜರಿರಬೇಕು. ಊರಿನ ಮೊದಲ ಬಸ್ಸು ಹಿಡಿದು ಅಥಣಿಗೆ, ಅಲ್ಲಿಂದ ಚಿಕ್ಕೋಡಿಗೆ, ಮತ್ತೆ ಬಸ್ಸು ಬದಲಿಸಿ ನಿಪ್ಪಾಣಿಗೆ ಎಂದರೆ ಹನ್ನೊಂದು ದಾಟುತ್ತಿತ್ತು. ಹಿಂದಿನ ದಿನವೇ ಹೋಗಿ ಉಳಿಯದೆ ಬೇರೆ ದಾರಿ ಇರಲಿಲ್ಲ.

ಅದೇ ಹೊತ್ತಿಗೆ ಸದಲಗಾದ ಒಂದು ಮನೆಯವರು ಮಗನಿಗೆಂದು ನನ್ನನ್ನು ನೋಡಿ ಹೋಗಿದ್ದರು. ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಅವರಿಂದ ಮಾತು ಬರುವವರೆಗೆ ನೌಕರಿಯ ಸುದ್ದಿ ಬೇಡ ಎಂದು ಅವ್ವ ಹಟ ಹಿಡಿದಳು. ಅಪ್ಪ ಒಪ್ಪಲಿಲ್ಲ. ಓದಿಸಿದ್ದು ಮನೆಯಲ್ಲಿ ಕೂರಿಸಲಿಕ್ಕಲ್ಲ ಅಂದ. ತೋಟದ ಕೆಲಸ ಆಳುಗಳಿಗೆ ಒಪ್ಪಿಸಿ ತಾನೇ ಜೊತೆಗೆ ಹೊರಟ. ಆ ದಿನ ನಾನು ಅಪ್ಪನನ್ನು ಎಷ್ಟು ಮೆಚ್ಚಿಕೊಂಡಿದ್ದೆ ಎಂಬುದನ್ನು ಇಲ್ಲಿ ಬರೆದಿಡುವುದು ನ್ಯಾಯ.

ನಿಪ್ಪಾಣಿಯಲ್ಲಿ ಇಳಿದಾಗ ಐದು ಗಂಟೆ. ಗಾಳಿಯ ತುಂಬ ತಂಬಾಕಿನ ಘಾಟು. ಬಸ್ ಸ್ಟ್ಯಾಂಡಿನ ಎದುರಿಗೇ ಒಂದು ಲಾಡ್ಜ್ ಇತ್ತು, ಕೆಳಗೆ ಚಹಾದಂಗಡಿ, ಮೇಲೆ ಎರಡು ಸಾಲು ಖೋಲಿಗಳು. ಕಾಲೇಜಿನ ರಸ್ತೆ ಅದರ ಪಕ್ಕದಿಂದಲೇ ಹೋಗುತ್ತಿತ್ತು; ನಡೆದರೆ ಹತ್ತು ನಿಮಿಷ. ಇಲ್ಲೇ ಇರೋಣ ಅಂದೆ. ಅಪ್ಪ ಮೆಟ್ಟಿಲವರೆಗೆ ಬಂದ. ಲಾರಿ ಡ್ರೈವರುಗಳು, ಕೊಲ್ಹಾಪುರದ ಕಡೆಯ ತಂಬಾಕಿನ ದಲಾಲರು ಇಳಿಯುವ ಜಾಗ ಅದು. ಮೇಜಿನ ಹಿಂದೆ ಮರಾಠಿ ಪೇಪರ್ ಓದುತ್ತ ಕುಳಿತಿದ್ದ ಮ್ಯಾನೇಜರನನ್ನು ಅಪ್ಪ, ಈ ಸುತ್ತಿನಲ್ಲಿ ನಮ್ಮ ಮಂದಿ ಯಾರಾದರೂ ಇದ್ದಾರೆಯೇ ಎಂದು ಕೇಳಿದ.

ಅವನು ಪೇಪರಿನಿಂದ ತಲೆ ಎತ್ತಲಿಲ್ಲ. "ಇಲ್ಲಿ ಯಾರೂ ಯಾರವ್ರೂ ಅಲ್ರಿ. ಖೋಲಿ ಬೇಕೇನ ಹೇಳ್ರಿ."

ಅಪ್ಪನಿಗೆ ಅದು ಅವಮಾನವಾಗಿ ಕಂಡಿತು. ಚೀಲ ಎತ್ತಿಕೊಂಡು ಊರೊಳಗೆ ನಡೆದ. ಇಪ್ಪತ್ತೈದು ನಿಮಿಷ ನಡೆದ ಮೇಲೆ ಬಸದಿಯ ಗಲ್ಲಿ ಸಿಕ್ಕಿತು. ಬಸದಿಗೆ ಹೊಂದಿಕೊಂಡಂತೆ ಯಾತ್ರಿಕರಿಗಾಗಿ ಕಟ್ಟಿದ ಧರ್ಮಶಾಲೆ. ಸ್ವಚ್ಛವಾದ ನೆಲ, ಬಾವಿ, ಬಿಳಿ ಬಟ್ಟೆ ಕಟ್ಟಿದ ಕೊಡ. ಗಲ್ಲಿಯ ಎರಡೂ ಬದಿ ಮನೆಗಳು, ಎಲ್ಲ ಬಾಗಿಲುಗಳೂ ತೆರೆದೇ ಇದ್ದವು. ಅಪ್ಪ ಮೊದಲ ಸಲ ಚೀಲವನ್ನು ನೆಲಕ್ಕಿಟ್ಟು ಉಸಿರು ಬಿಟ್ಟ. "ಈಗ ಚಿಂತಿಲ್ಲ ಯವ್ವಾ," ಅಂದ.

ಕೈಕಾಲು ತೊಳೆಯುವುದರೊಳಗೆ ಎದುರು ಮನೆಯ ಹಿರಿಯ ಹೆಂಗಸು ಊಟಕ್ಕೆ ಕರೆದರು. ಹೊತ್ತು ಮುಳುಗಲಿಕ್ಕೆ ಇನ್ನೂ ಒಂದು ತಾಸಿತ್ತು. ಚಪಾತಿ, ಹೆಸರುಬೇಳೆ, ಅನ್ನ, ಮಜ್ಜಿಗೆ. ಬಡಿಸುತ್ತಲೇ ಅವರು ಯಾವ ಊರು, ಯಾರ ಪೈಕಿ, ಯಾವ ಮನೆಗಳ ಜೊತೆ ಹೆಣ್ಣು ಕೊಟ್ಟು ತಂದಿದ್ದೀರಿ ಎಂದು ಒಂದೊಂದಾಗಿ ಕೇಳಿದರು. ಅಪ್ಪ ಎಲ್ಲಕ್ಕೂ ಉತ್ತರ ಕೊಟ್ಟ. ನಮ್ಮ ಮಂದಿಯ ಮನೆಯಲ್ಲಿ ಉಣ್ಣುತ್ತಿರುವಾಗ ಕೇಳಿದ್ದಕ್ಕೆ ಹೇಳದಿರುವುದು ಅವನಿಗೆ ತಿಳಿಯದು. ಬಂದ ಕೆಲಸವನ್ನೂ ಹೇಳಿದ, ಸ್ವಲ್ಪ ಹೆಮ್ಮೆಯಿಂದಲೇ.

ಅವರ ಕೈಯಲ್ಲಿದ್ದ ಸೌಟು ಪಾತ್ರೆಯಲ್ಲೇ ನಿಂತಿತು. "ಪೋರಿ ಕಡಿಂದ ನೌಕರಿ ಮಾಡಸ್ತೀರೇನ ಅಣ್ಣಾ?"

"ಕಲ್ತಾಳ್ರಿ ಅಕ್ಕಾರ, ಅದಕ್ಕ."

"ಸದಲಗಾದವ್ರ ಕೂಡ ಮಾತ ನಡದೈತಿ ಅಂದ್ರೆಲ್ಲ. ಅವ್ರ ನಮ್ಮ ಬೀಗರ. ಅವ್ರಿಗೆ ಗೊತ್ತೈತೇನಿದು?"

ಅಪ್ಪ ನನ್ನ ಮುಖ ನೋಡಿದ. ನಾನು ಮಜ್ಜಿಗೆ ಕುಡಿಯುತ್ತಿದ್ದೆ. ಅವರು ಇನ್ನೊಂದು ಚಪಾತಿ ಬಲವಂತ ಮಾಡಿ ಹಾಕಿದರು.

ಬೆಳಿಗ್ಗೆ ಬೇಗ ಎದ್ದು, ಪ್ರಮಾಣಪತ್ರಗಳನ್ನು ಇನ್ನೊಮ್ಮೆ ಕ್ರಮವಾಗಿ ಜೋಡಿಸಿಕೊಂಡೆ. ಏಳೂವರೆಗೆ, ಬಸದಿಯಲ್ಲಿ ಪೂಜೆ ಮುಗಿಸಿದ ಮೂವರು ಗಂಡಸರು ಧರ್ಮಶಾಲೆಯ ಕಟ್ಟೆಗೆ ಬಂದು ಕುಳಿತರು. ಒಬ್ಬರು ಎದುರು ಮನೆಯ ಹೆಂಗಸಿನ ಗಂಡ, ಉಳಿದಿಬ್ಬರು ಅದೇ ಗಲ್ಲಿಯ ವ್ಯಾಪಾರಸ್ಥರು. ಯಾರೂ ದನಿ ಎತ್ತಲಿಲ್ಲ. ರಾತ್ರಿ ನಿದ್ದೆ ಬಂತೇ ಎಂದು ವಿಚಾರಿಸಿದರು, ಮಳೆಯ ಮಾತಾಡಿದರು. ಆಮೇಲೆ ಆ ಕಾಲೇಜಿನಲ್ಲಿ ಹುಡುಗರು ಎಂಥವರು, ಒಂಟಿ ಹುಡುಗಿ ಖೋಲಿ ಹಿಡಿದು ಇದ್ದರೆ ಜನ ಏನೆನ್ನುತ್ತಾರೆ, ಸದಲಗಾದ ಮನೆ ಎಷ್ಟು ದೊಡ್ಡದು ಎಂದು ಸಾವಕಾಶವಾಗಿ ಹೇಳಿದರು. ನಾನು ಒಳಗೆ ನಿಂತು ಎಲ್ಲ ಕೇಳಿಸಿಕೊಂಡೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಏಳುವಾಗ ಒಬ್ಬರು, "ನಾವೇನ ಬ್ಯಾಡ ಅನ್ನಂಗಿಲ್ರಿ. ನಿಮ್ಮ ಮಗಳ, ನಿಮ್ಮ ಮರ್ಜಿ," ಅಂದರು. ಅಪ್ಪ ಅವರಿಗೆ ಕೈ ಮುಗಿದ.

ಎಂಟು ಗಂಟೆಗೆ ಅಪ್ಪ "ನಡಿ" ಅಂದ. ಮನಸ್ಸು ಗಟ್ಟಿ ಮಾಡಿಕೊಂಡಿದ್ದಾನೆ ಎಂದೇ ನಾನು ತಿಳಿದೆ. ಬಸ್ ಸ್ಟ್ಯಾಂಡಿನವರೆಗೆ ನಡೆದೆವು. ಅಲ್ಲಿ ನಾನು ಕಾಲೇಜಿನ ರಸ್ತೆಗೆ ತಿರುಗಿದೆ. ಅಪ್ಪ ತಿರುಗಲಿಲ್ಲ. ಚಿಕ್ಕೋಡಿಯ ಬಸ್ಸು ನಿಲ್ಲುವಲ್ಲಿ ಚೀಲ ಇಟ್ಟು ನಿಂತಿದ್ದ.

"ಅಪ್ಪಾ, ಕಾಲೇಜ ಈ ಕಡೆ."

"ಗೊತ್ತೈತಿ."

"ಇನ್ನೂ ಅರ್ಧಾ ತಾಸ ಐತಿ."

ಅವನು ನನ್ನ ಕಡೆ ನೋಡದೆ ಹೇಳಿದ: "ನಾಲ್ಕ ಮಂದಿ ಬಂದ ಹೇಳಿದ ಮ್ಯಾಲ ಹೆಂಗ ಹೋಗೂದ ಯವ್ವಾ?"

ಬಂದವರು ಮೂವರು. ಅದನ್ನೇನೂ ನಾನು ತಿದ್ದಲಿಲ್ಲ. ಒಬ್ಬಳೇ ನಡೆದು ಹೋಗಬಹುದಿತ್ತು ಎಂದು ಈಗ ಅನಿಸುತ್ತದೆ. ಯಾರೂ ಕೈ ಹಿಡಿದಿರಲಿಲ್ಲ. ಬಸ್ಸು ಬಂತು, ಹತ್ತಿದೆ. ಎದುರಿನ ಲಾಡ್ಜಿನಿಂದ ಇಬ್ಬರು ದಲಾಲರು ಹಲ್ಲುಜ್ಜುತ್ತ ಹೊರಬಂದರು. ಅಲ್ಲಿ ಇಳಿದುಕೊಂಡಿದ್ದರೆ ನಾವು ಯಾರೆಂದು ಕೇಳುವವರು ಇರಲಿಲ್ಲ. ನಿಪ್ಪಾಣಿಯಲ್ಲಿ ನನಗೆ ಅಪಾಯವಿಲ್ಲದ ಜಾಗ ಅದೊಂದೇ ಆಗಿತ್ತು.

ಹದಿನೈದು ದಿನಕ್ಕೆ ಸದಲಗಾದಿಂದ ಮಾತು ಬಂತು. ನೌಕರಿಗೆ ಓಡಾಡುವ ಹುಡುಗಿ ತಮ್ಮ ಮನೆಗೆ ಹೊಂದುವುದಿಲ್ಲವಂತೆ. ಅವ್ವ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಅಪ್ಪ ಗಲ್ಲಿಯವರ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಒಳ್ಳೆಯದಕ್ಕೇ ಹೇಳಿದ್ದರು ಅಂದ.

ಮರುವರ್ಷ ಚಿಕ್ಕೋಡಿಯಲ್ಲಿ ಸಂದರ್ಶನವಿತ್ತು. ಈ ಸಲ ಒಬ್ಬಳೇ ಹೋದೆ. ಅಪ್ಪ ಅಲ್ಲಿಯೂ ಒಂದು ಮನೆ ಹೇಳಿದ್ದ. ನಾನು ಆ ಕಡೆ ಹಾಯಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಲಾಡ್ಜಿನಲ್ಲಿ ಖೋಲಿ ಹಿಡಿದು, ಬುತ್ತಿಯನ್ನು ಬೆಳಕಿರುವಾಗಲೇ ಉಂಡು, ಚಿಲಕ ಹಾಕಿಕೊಂಡೆ. ಬೆಳಿಗ್ಗೆ ಎಂಟೂವರೆಗೇ ಕಾಲೇಜಿನ ಬೆಂಚಿನ ಮೇಲಿದ್ದೆ.

ಪಕ್ಕದಲ್ಲಿ ನನ್ನ ವಯಸ್ಸಿನ ಇನ್ನೊಬ್ಬಳು. ಚಿಕ್ಕೋಡಿಯಲ್ಲಿ ಅನುಭವ ಇದ್ದವರನ್ನೇ ತೆಗೆದುಕೊಳ್ಳುತ್ತಾರೆ ಎಂದು ಅವಳೇ ಹೇಳಿದಳು. ನಿಮಗಿದೆಯೇ ಎಂದು ಕೇಳಿದೆ. ನಿಪ್ಪಾಣಿಯ ಅದೇ ಕಾಲೇಜಿನಲ್ಲಿ ಒಂದು ವರ್ಷ ಇತಿಹಾಸ ಕಲಿಸಿದ್ದಳಂತೆ.

"ನನ್ನ ನಸೀಬ್ರಿ. ನನಗಿಂತ ಜಾಸ್ತಿ ಮಾರ್ಕ್ಸ್ ಇದ್ದಾಕಿ ಒಬ್ಬಾಕಿ ಇದ್ಲಂತ. ಇಂಟರ್ವ್ಯೂ ದಿನ ಬರಲೇ ಇಲ್ಲಂತ," ಅಂದಳು. ಆಮೇಲೆ ನಿಜವಾದ ಕನಿಕರದಿಂದ ಸೇರಿಸಿದಳು: "ಏನ ತ್ರಾಸ ಬಂದಿತ್ತೋ ಏನೋ, ಪಾಪ."

ಇರಬಹುದು ಅಂದೆ. ಅಷ್ಟರಲ್ಲಿ ಜವಾನ ಬಂದು ಅವಳನ್ನು ಒಳಗೆ ಕರೆದ.