ದಾಮೋದರ ಒರೆಸಿದ ಗೆರೆ

ಸೂರತ್ತಿನ ವರಾಛಾದಲ್ಲಿ ದಾಮೋದರನ ಹೋಟೆಲಿಗೆ ಬಂದು, ಮೇಜು ಅಂಟಂಟಾಗಿತ್ತು ಎಂದು ದೂರಿದ ಗಿರಾಕಿ ಇನ್ನೂ ಹುಟ್ಟಿರಲಿಲ್ಲ. ಸಾಂಬಾರು ನೀರಾಗಿದೆ ಎಂದವರುಂಟು, ಚಟ್ನಿ ಸಾಲದೆಂದು ಜಗಳಕ್ಕೆ ನಿಂತವರುಂಟು. ಮೇಜಿನ ಸುದ್ದಿಗೆ ಮಾತ್ರ ಯಾರೂ ಹೋಗುವ ಹಾಗಿರಲಿಲ್ಲ. ಗಿರಾಕಿ ಎದ್ದು ಕೈ ತೊಳೆಯಲು ಹೋಗುವಷ್ಟರಲ್ಲಿ ದಾಮೋದರನ ಹೆಗಲ ಮೇಲಿನ ಒದ್ದೆ ಬಟ್ಟೆ ಇಳಿದು, ಮೇಜಿನ ಮೇಲೊಂದು ಸುತ್ತು ಹೊಡೆದು, ಮತ್ತೆ ಹೆಗಲೇರಿ ಕೂತಾಗಿರುತ್ತಿತ್ತು. ಕುಂದಾಪುರದ ಕಡೆಯಿಂದ ಮೀಸೆ ಮೂಡುವ ಮೊದಲೇ ಮಾವನ ಹೋಟೆಲಿಗೆಂದು ಸೂರತ್ತಿಗೆ ಬಂದಾಗ ಅವನ ಕೈಗೆ ಮೊದಲು ಕೊಟ್ಟದ್ದೇ ಆ ಬಟ್ಟೆ. ತಟ್ಟೆ ಮುಟ್ಟಲು ಬಿಟ್ಟದ್ದು ಆಮೇಲೆ. ಎಂಜಲು ಮೇಜು ಹಾಗೇ ಬಿಟ್ಟರೆ ಲಕ್ಷ್ಮಿ ಎದ್ದು ಹೋಗುತ್ತಾಳೆ ಎಂದು ಮಾವ ಹೆದರಿಸುತ್ತಿದ್ದ. ಮಾವ ತೀರಿಕೊಂಡು ಹೋಟೆಲು ದಾಮೋದರನದಾದ ಮೇಲೂ ಆ ಹೆದರಿಕೆ ಹೋಗಲಿಲ್ಲ.

ಲಕ್ಷ್ಮಿ ಹೇಗೂ ಎದ್ದು ಹೋದಳು, ಮೇಜು ಫಳಫಳ ಹೊಳೆಯುತ್ತಿದ್ದಾಗಲೇ. ಸುತ್ತಲಿನ ವಜ್ರ ಉಜ್ಜುವ ಕಾರ್ಖಾನೆಗಳಿಗೆ ಹೊರದೇಶದಿಂದ ಬರುವ ಕೆಲಸ ನಿಂತಿತು. ಬೆಳಿಗ್ಗೆ ಇಡ್ಲಿ ತಿಂದು ಚಕ್ರದ ಮುಂದೆ ಕೂರುತ್ತಿದ್ದ ಜನ ಸೌರಾಷ್ಟ್ರದ ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿದರು. ಹೋಟೆಲಿನಲ್ಲಿ ನೊಣ ಹೊಡೆಯುವ ಕೆಲಸವೂ ಇಲ್ಲ, ಯಾಕೆಂದರೆ ದಾಮೋದರನ ಹೋಟೆಲಿನಲ್ಲಿ ನೊಣವೆಲ್ಲಿ! ಕೊನೆಗೆ ಕಟ್ಟಡದ ಮಾಲೀಕ ಜಾಗ ವಾಪಸು ಪಡೆದು ಮೊಬೈಲ್ ಅಂಗಡಿಗೆ ಕೊಟ್ಟ. ನಲವತ್ತು ದಾಟಿದ ದಾಮೋದರ ಗ್ರೈಂಡರನ್ನು ಆಟೊದಲ್ಲಿ ಮನೆಗೆ ತಂದು, ಅದರ ಪಕ್ಕದಲ್ಲೇ ನೆಲದ ಮೇಲೆ ಕುಸಿದು ಕೂತ. ಹೆಂಡತಿ ಸುಶೀಲಾ ಒಂದು ಹುಡುಗಿಯರ ಹಾಸ್ಟೆಲಿನ ಅಡುಗೆಗೆ ಸೇರಿಕೊಂಡಳು. ಮಗಳು ಅನುಷಾಗೆ ಹತ್ತನೇ ತರಗತಿ. ಮನೆಯಲ್ಲಿ ಹಗಲು ಹೊತ್ತು ಸುಮ್ಮನೆ ಕೂರುವವನು ಅವನೊಬ್ಬನೇ, ಆ ನಾಚಿಕೆ ಅವನನ್ನು ಒಳಗೊಳಗೇ ತಿಂದುಹಾಕಿತು.

ಆಗ ಕೈ ಹಿಡಿದವನು ಹರ್ಷದ್‌ಭಾಯ್ ಎಂಬ ಹಳೇ ಗಿರಾಕಿ. ಊರಾಚೆ ಸಚಿನ್ ಎಂಬಲ್ಲಿನ ಒಂದು ಬಟ್ಟೆ ಗಿರಣಿಯಲ್ಲಿ ಮಗ್ಗಗಳ ರಿಪೇರಿ ನೋಡಿಕೊಳ್ಳುವ ದೊಡ್ಡ ಮೇಸ್ತ್ರಿ. ಬಾಯಿ ಎಂಬುದು ಸುತ್ತಿಗೆ, ಮನಸ್ಸು ಮಾತ್ರ ಒಳ್ಳೆಯದು.

"ಅಣ್ಣಾ, ಕೆಟ್ಟ ಗ್ರೈಂಡರನ್ನು ನೀನೇ ಬಿಚ್ಚಿ ಕೂಡಿಸುವುದನ್ನು ಎಷ್ಟು ಸಲ ನೋಡಿದ್ದೇನೆ. ಮಗ್ಗ ಬಿಚ್ಚಲು ಏನು ರೋಗ?" ಎಂದ ಹಿಂದಿಯಲ್ಲಿ. ಗಿರಣಿಯವರೇ ನಡೆಸುವ ಒಂದು ವರ್ಷದ ತರಬೇತಿ. ಕೊನೆಗೆ ಒಂದು ಪರೀಕ್ಷೆ. ಪಾಸಾದರೆ ಫಿಟ್ಟರ್ ಕೆಲಸ, ಕಾಯಂ. "ನಿನ್ನ ವಯಸ್ಸಿಗೆ ಸೇರಿಸಿಕೊಳ್ಳುವುದೇ ಇಲ್ಲ, ನಾನು ಕಾಲು ಹಿಡಿದಿದ್ದಕ್ಕೆ ಒಪ್ಪಿದ್ದಾರೆ. ಹುಡುಗರು ಫೇಲಾದರೆ ಮತ್ತೆ ಕೂರಬಹುದು. ನಿನಗೆ ಒಂದೇ ಸಲ. ತಿಳಿಯಿತಾ?"

ದಾಮೋದರನಿಗೆ ತಿಳಿಯಿತು. ಉಧನಾ ದಾಟಿ ಸಚಿನ್‌ಗೆ ಹೋಗುವ ಬಸ್ಸಿನಲ್ಲಿ ದಿನವೂ ಅದೇ ಮಾತು ತಲೆಯೊಳಗೆ ಕುಟ್ಟುತ್ತಿತ್ತು.

ಆ ವರ್ಷ ಅವನು ಪಟ್ಟ ಪಾಡು ನಾಯಿಗೂ ಬೇಡ. ಕ್ಲಾಸಿನಲ್ಲಿ ಉಳಿದವರೆಲ್ಲ ಮಗಳಿಗಿಂತ ನಾಲ್ಕು ವರ್ಷ ದೊಡ್ಡವರು ಅಷ್ಟೆ. ಅವನನ್ನು "ಅಂಕಲ್" ಎಂದು ಕರೆದು ಮೊದಲ ಬೆಂಚು ಬಿಟ್ಟುಕೊಟ್ಟರು, ಕಣ್ಣು ಮಂಜಲ್ಲವೇ ಎಂದು. ಅದಕ್ಕಿಂತ ದೊಡ್ಡ ಗಂಡಾಂತರ ಅವನ ಕೈಯದು. ಜೀವಮಾನವಿಡೀ ಉಪ್ಪನ್ನು ಅಂದಾಜಿನಲ್ಲಿ ಹಾಕಿದ ಕೈ. ಬೇರಿಂಗ್ ಕೊಟ್ಟು ಅಳತೆ ಹೇಳು ಎಂದರೆ ಬೆರಳಲ್ಲಿ ಸವರಿ, ಸರಿಯಾಗುಂಟು ಎನ್ನುವ ಜಾತಿ.

"ಅಂದಾಜ್ ನಹೀ!" ಕೆಲಸ ಕಲಿಸುವ ಹರ್ಷದ್‌ಭಾಯ್ ಗುಡುಗುತ್ತಿದ್ದ. "ಇದೇನು ನಿನ್ನ ಉಪ್ಪಿಟ್ಟಾ? ಗೊತ್ತಿದ್ದರೆ ಗೊತ್ತು ಅನ್ನು. ಗೊತ್ತಿಲ್ಲದಿದ್ದರೆ ಯಂತ್ರ ಮುಟ್ಟಬೇಡ. ನಿನ್ನ ಅಂದಾಜಿಗೆ ಇನ್ನೊಬ್ಬರ ಕೈ ಹೋಗುತ್ತದೆ."

ದಾಮೋದರನ ಹೆಗಲ ಬಟ್ಟೆಯನ್ನಂತೂ ಮೊದಲ ದಿನವೇ ಇಳಿಸಿಸಿದ. ತಿರುಗುವ ಯಂತ್ರದ ಹತ್ತಿರ ಜೋತಾಡುವ ಬಟ್ಟೆಯೆಂದರೆ ಸಾವಿಗೆ ಆಮಂತ್ರಣ. ಬಟ್ಟೆ ಹೆಗಲಿನಿಂದ ಇಳಿದು ಪ್ಯಾಂಟಿನ ಜೇಬಿಗೆ ಹೋಯಿತು. ಬಿಟ್ಟು ಮಾತ್ರ ಹೋಗಲಿಲ್ಲ.

ಸಂಜೆ ಮನೆಯಲ್ಲಿ ಅನುಷಾ ಪಾಠ ಹೇಳುತ್ತಿದ್ದಳು. ಪುಸ್ತಕವೆಲ್ಲ ಇಂಗ್ಲಿಷು. ಅವಳ ಕನ್ನಡವೋ, ಅರ್ಧ ಹಿಂದಿ, ದೇವರಿಗೇ ಪ್ರೀತಿ.

"ಪಪ್ಪಾ, ಐಸಾ ನಹೀ. ಈ ಗೇರ್ ಇದಕ್ಕೆ ತಿರುಗಿಸ್ತಾ ಹೈ. ಒಂದು ದಾಂತ್ ಗಲತ್ ಆದ್ರೆ ಸಬ್ ಗಲತ್."

"ದಾಂತ್ ಅಲ್ಲ ಮಾರಾಯ್ತಿ, ಹಲ್ಲು."

"ಹಾಂ, ಹಲ್ಲು. ನೀವು ಪಾಸ್ ಆಗ್ತೀರಲ್ಲಾ ಪಪ್ಪಾ?"

ಅವನು ಪುಟ ತಿರುವುತ್ತಿದ್ದ. ಆದರೂ ಕಲಿತ, ಹಟ ಹಿಡಿದು ಕಲಿತ. ವರ್ಷದ ಕೊನೆಗೆ ಹರ್ಷದ್‌ಭಾಯ್ ಬೈಯುವುದು ಕಡಿಮೆ ಮಾಡಿದ. ಸುಶೀಲಾಗೆ ಆಸೆ ಹುಟ್ಟಿತು. ಹಾಸ್ಟೆಲಿನ ಕೆಲಸ ಬಿಟ್ಟರೆ ಮೊದಲು ಒಂದು ವಾರ ಬರೀ ನಿದ್ದೆ ಮಾಡುತ್ತೇನೆ ಎಂದು ನಗುತ್ತಿದ್ದಳು.

ಪರೀಕ್ಷೆಯ ದಿನ ಅಹಮದಾಬಾದಿನಿಂದ ಒಬ್ಬ ಪರೀಕ್ಷಕರು ಬಂದರು. ಕೊಟ್ಟದ್ದು ವಿದೇಶದಿಂದ ಸೆಕೆಂಡ್ ಹ್ಯಾಂಡ್ ತರಿಸಿದ ಹಳೇ ಮಗ್ಗ, ಕಂಪನಿ ಕೊರೆದ ಗುರುತುಗಳೆಲ್ಲ ಸವೆದು ಹೋದದ್ದು. ಅದರೊಳಗೆ ಎರಡು ಗೇರು. ಒಂದು, ನೂಲು ಹಿಡಿದು ಅತ್ತಿಂದಿತ್ತ ಓಡುವ ಉಕ್ಕಿನ ತೋಳನ್ನು ಆಡಿಸುತ್ತದೆ. ಇನ್ನೊಂದು, ಆ ನೂಲನ್ನು ಬಡಿದು ಕೂರಿಸುವ ಹಣಿಗೆಯನ್ನು. ತೋಳು ಹೊರಗೆ ಹೋದ ಮೇಲೆ ಹಣಿಗೆ ಬಡಿಯಬೇಕು. ಗೇರು ಒಂದೇ ಒಂದು ಹಲ್ಲು ತಪ್ಪಿ ಕೂತರೂ ಹಣಿಗೆ ತೋಳಿನ ಮೇಲೆಯೇ ಬಡಿದು, ಉಕ್ಕು ಮುರಿದು ಹಾರುತ್ತದೆ. ಕೈಯಲ್ಲಿ ಮೆಲ್ಲಗೆ ತಿರುಗಿಸಿ ನೋಡಿದರೆ ಇದು ಗೊತ್ತಾಗುವುದಿಲ್ಲ, ವೇಗಕ್ಕೆ ಬಿದ್ದಾಗಲೇ ಬಣ್ಣ ಬಯಲು. ಅದಕ್ಕೇ ಫಿಟ್ಟರನಾದವನು ಬಿಚ್ಚುವ ಮೊದಲು ಎರಡೂ ಗೇರಿನ ಮೇಲೆ ಹಾಯುವಂತೆ ಒಂದು ಗೆರೆ ಎಳೆಯುತ್ತಾನೆ. ಕೂಡಿಸುವಾಗ ಗೆರೆಗೆ ಗೆರೆ ಸೇರಿಸಿದರೆ ಮುಗಿಯಿತು. ಗೆರೆ ಕಳೆದುಕೊಂಡವನ ಪರೀಕ್ಷೆ ಅಲ್ಲಿಗೇ ಮುಗಿಯಿತು ಎಂದು ಮೊದಲೇ ಹೇಳಿದ್ದರು. ಒಂದೇ ಮಗ್ಗದಲ್ಲಿ ಎಲ್ಲರ ಪರೀಕ್ಷೆ ನಡೆಯಬೇಕಾದ್ದರಿಂದ ಗೆರೆ ಬಣ್ಣದ್ದಲ್ಲ, ಸೀಮೆಸುಣ್ಣದ್ದು.

ದಾಮೋದರ ಗೆರೆ ಎಳೆದ, ಎಷ್ಟು ನೀಟಾಗಿ ಎಳೆದ ಎಂದರೆ ಪರೀಕ್ಷಕರೇ ತಲೆಯಾಡಿಸಿದರು. ಬಿಚ್ಚಿದ. ಬಿಡಿಭಾಗಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಎಲ್ಲರೂ ಎದ್ದರು, ಅವನೂ ಎದ್ದ.

ಅಯ್ಯೋ, ಹಾಳಾದ್ದು, ಮೇಜು ಬಿಟ್ಟು ಏಳುವಾಗ ಆ ಕೈ ಏನು ಮಾಡುತ್ತದೆ ಎಂದು ಬೇರೆ ಹೇಳಬೇಕೆ? ತಲೆಯಲ್ಲಿ ಸುಶೀಲಾ ಕಟ್ಟಿಕೊಟ್ಟ ಬುತ್ತಿ. ಜೇಬಿನಿಂದ ಬಟ್ಟೆ ಹೊರಬಂತು, ಎಣ್ಣೆಯಾಗಿದ್ದ ಮೇಜಿನ ಮೇಲೊಂದು ಸುತ್ತು ಹೊಡೆಯಿತು, ಗೇರುಗಳನ್ನೂ ಒಂದೊಂದಾಗಿ ತಿಕ್ಕಿ ಹೊಳೆಸಿತು, ಮತ್ತೆ ಜೇಬು ಸೇರಿತು. ಅವನಿಗೆ ಅದು ಗೊತ್ತೇ ಆಗಲಿಲ್ಲ.

ಊಟ ಮುಗಿಸಿ ಬಂದು ಮೊದಲ ಗೇರು ಕೈಗೆತ್ತಿಕೊಂಡ. ತಿರುಗಿಸಿದ. ಮತ್ತೆ ತಿರುಗಿಸಿದ. ಎರಡನೆಯದನ್ನು ಎತ್ತಿಕೊಂಡ. ಕನ್ನಡಿಯಂತೆ ಹೊಳೆಯುತ್ತಿದ್ದವು ಎರಡೂ. ಬೆಳಕಿಗೆ ಹಿಡಿದು ನೋಡಿದ, ಕಣ್ಣು ಮಂಜೇನೋ ಎಂದು ಕಣ್ಣನ್ನೇ ಉಜ್ಜಿಕೊಂಡ. ಗೆರೆ ಇಲ್ಲ. ದೇವರೇ ದೇವರೇ ಎಂದು ಬಾಯಿ ತಾನಾಗಿ ಹೇಳುತ್ತಿತ್ತು. ಜೇಬಿನ ಬಟ್ಟೆ ತೆಗೆದು ನೋಡಿದ. ಅದರ ಮೇಲೆ ಬೆಳ್ಳಗಿನ ಪುಡಿ ಇತ್ತು.

ಯಾರೂ ನೋಡಿರಲಿಲ್ಲ. ಪರೀಕ್ಷಕರು ಹೊರಗೆ ಫೋನಿನಲ್ಲಿದ್ದರು. ದಾಮೋದರ ಕಣ್ಣು ಮುಚ್ಚಿದ. ಬೆಳಿಗ್ಗೆ ಗೇರು ಬಿಚ್ಚುವಾಗ ಹಲ್ಲು ಹಲ್ಲಿಗೆ ಹೇಗೆ ಕೂತಿತ್ತು ಎಂದು ಬೆರಳಿಗೆ ಎಲ್ಲೋ ನೆನಪಿತ್ತು. ಅದನ್ನೇ ನಂಬಿ, ಹೀಗೇ ಇದ್ದಿರಬೇಕು ಎಂದು ಎರಡನ್ನೂ ಕೂಡಿಸಿದ. ಸೀಮೆಸುಣ್ಣ ತೆಗೆದು ಹೊಸ ಗೆರೆ ಎಳೆದ.

ಪರೀಕ್ಷಕರು ಬಂದು ಬಾಗಿ ನೋಡಿದರು. "ಗೆರೆ ಸೇರಿದೆ. ಸರಿ, ಚಾಲೂ ಮಾಡು."

ಚಾಲೂ ಮಾಡುವಾಗ ಮಗ್ಗದ ಮುಂದೆ ನೇಕಾರರೊಬ್ಬರು ನೂಲು ಹಿಡಿದು ನಿಲ್ಲುವುದು ಅಲ್ಲಿಯ ಪದ್ಧತಿ. ಅವತ್ತು ನಿಂತವಳು ಸಸ್ಮಿತಾ, ಗಂಜಾಂ ಕಡೆಯ ಒಡಿಯಾ ಹುಡುಗಿ. ಅವಳು ಬಗ್ಗಿ, ತೋಳು ಓಡುವ ಜಾಗದ ಪಕ್ಕದಲ್ಲೇ ಕೈಯಿಟ್ಟು, "ಹಾಂ ಅಂಕಲ್" ಎಂದಳು.

ದಾಮೋದರನ ಬೆರಳು ಹಸಿರು ಗುಂಡಿಯ ಮೇಲಿತ್ತು. ಒತ್ತಿದರೆ ಕಾಯಂ ಕೆಲಸ, ಸುಶೀಲಾಳ ಒಂದು ವಾರದ ನಿದ್ದೆ. ಒತ್ತು, ಒತ್ತು ಎಂದು ಹೊಟ್ಟೆ ಕೂಗುತ್ತಿತ್ತು. ಸರಿಯಾಗಿಯೇ ಇರಬಹುದು. ಇಲ್ಲದೆಯೂ ಇರಬಹುದು. ಅವನಿಗೆ ಗೊತ್ತಿರಲಿಲ್ಲ.

"ಹಟ್ ಜಾ ಬೇಟಾ," ಎಂದು ಸಸ್ಮಿತಾಳನ್ನು ಹಿಂದೆ ಸರಿಸಿ, ಬೆರಳು ತೆಗೆದ. "ಸಾಹೇಬ್, ಗೆರೆ ಸುಳ್ಳು. ಮೊದಲಿನದನ್ನು ನಾನೇ ಒರೆಸಿಬಿಟ್ಟೆ. ಇದು ಅಂದಾಜಿನದ್ದು."

ಮಗ್ಗ ಓಡುವುದನ್ನು ನೋಡಲು ಬಂದಿದ್ದ ಹರ್ಷದ್‌ಭಾಯ್ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪರೀಕ್ಷಕರು ಫೇಲೆಂದು ಸಹಿ ಹಾಕಿ ಮುಂದಿನವನನ್ನು ಕರೆದರು.

ಮನೆಗೆ ಬಂದವನ ಜೇಬಿನಿಂದ ಸುಶೀಲಾ ಎಂದಿನಂತೆ ಬಟ್ಟೆ ಒಗೆಯಲು ತೆಗೆದುಕೊಂಡಳು.

"ಇದೆಂತ, ಹಿಟ್ಟು ಮೆತ್ತಿದ ಹಾಗೆ ಉಂಟಲ್ಲ? ಪರೀಕ್ಷೆ ಬಿಟ್ಟು ಯಾರದ್ದಾದ್ರೂ ಹೋಟೆಲಿಗೆ ಹೋಗಿದ್ರಾ?"

ದಾಮೋದರ ಗೋಡೆಗೆ ಒರಗಿ ಹೇಳಿದ, ಏನೂ ಮುಚ್ಚಿಡದೆ. ಸುಶೀಲಾ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದಳು.

"ಒರೆಸದೆ ಇರ್ಲಿಕ್ಕೆ ಆಗ್ಲಿಲ್ವಾ ನಿಮ್ಗೆ? ಒಂದೇ ಒಂದು ದಿನ?" ಎಂದವಳು ತಡೆಯಲಾರದೆ ಅತ್ತಳು. "ಒತ್ತಿ ನೋಡ್ಬಹುದಿತ್ತಲ್ಲ! ಸರಿ ಇದ್ದಿದ್ರೆ? ಸರಿಯೇ ಇದ್ದಿದ್ರೆ ಎಂತ ಮಾಡುವ ಈಗ?"

ಅವನೂ ಅತ್ತ. ಅನುಷಾ ಪುಸ್ತಕ ಮುಚ್ಚಿ ಅಪ್ಪನ ಪಕ್ಕ ಬಂದು ಕೂತಳು.

ದೀಪ ಹಚ್ಚುವ ಹೊತ್ತಿಗೆ ಹರ್ಷದ್‌ಭಾಯ್‌ನ ಫೋನು ಬಂತು. "ಅಣ್ಣಾ, ಮುಂದಿನವನು ಮಗ್ಗ ಬಿಚ್ಚುವ ಮೊದಲು, ಪರೀಕ್ಷೆಯಲ್ಲಿ ನಿಮಗೆ ಕೊಡದ ಅಳತೆಯ ಗೇಜ್ ಇಟ್ಟು ನೋಡಿದೆ. ನಿನಗೆ ಹೇಳದೆ ಇರಲು ಮನಸ್ಸಾಗಲಿಲ್ಲ. ಸರಿಯಾಗಿತ್ತು. ಒಂದು ಹಲ್ಲೂ ತಪ್ಪಿರಲಿಲ್ಲ. ಒತ್ತಿದ್ದರೆ ಓಡುತ್ತಿತ್ತು."

"ಹಾಗಾದರೆ ಈಗ?"

"ಈಗೇನೂ ಇಲ್ಲ ಅಣ್ಣಾ. ಬರೆದು ಕಳಿಸಿ ಆಯಿತು. ಗೊತ್ತಿಲ್ಲದಿದ್ದರೆ ಮುಟ್ಟಬೇಡ ಎಂದು ನಾನೇ ಕಲಿಸಿದ್ದು." ಹರ್ಷದ್‌ಭಾಯ್ ಫೋನು ಇಟ್ಟ.

ಸುಶೀಲಾ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು. "ಎಂತ ಹೇಳಿದ್ರು ಹರ್ಷದ್‌ಭಾಯ್?"

ದಾಮೋದರ ಅವಳನ್ನು ನೋಡಿದ.

"ಒಂದು ಹಲ್ಲು ತಪ್ಪಿತ್ತಂತೆ," ಎಂದ. "ಒತ್ತಿದ್ರೆ ಆ ಹುಡುಗಿಯ ಕೈ ಹೋಗ್ತಿತ್ತಂತೆ."

ಸುಶೀಲಾ ದೊಡ್ಡದೊಂದು ಉಸಿರು ಬಿಟ್ಟಳು. "ಹೌದಾ? ಹಾಗಾದ್ರೆ ಒತ್ತದೆ ಇದ್ದದ್ದೇ ಒಳ್ಳೆದಾಯ್ತು, ಬಿಡಿ," ಎಂದು ಕಣ್ಣೊರೆಸಿಕೊಂಡು, ಮೂವರಿಗೂ ತಟ್ಟೆ ಇಟ್ಟಳು.