ಮಾವನ ಪಟಗಾ

2004ರಲ್ಲಿ, ಏಳನೇ ತರಗತಿಯ ನಡುವೆ, ನಾನು ಶಾಲೆ ಬಿಟ್ಟೆ. ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು. ಗಂಟೆ ಹೊಡೆದಾಗ ಹುಡುಗರೆಲ್ಲ ಒಮ್ಮೆಲೇ ಚೀರುವುದು ತಾಳಲಾಗುತ್ತಿರಲಿಲ್ಲ. ಕಮಲಾಪುರದಿಂದ ಕಲಬುರಗಿಗೆ ಬಂದು ನಂದೂರಿನ ಬೇಳೆ ಮಿಲ್ಲಿಗೆ ಸೇರಿದೆ. ಅಲ್ಲಿಯ ಸದ್ದು ದೊಡ್ಡದೇ, ಆದರೆ ಬೆಳಿಗ್ಗೆ ಎಷ್ಟೋ ಸಂಜೆಯೂ ಅಷ್ಟೇ. ಈಗ ಯಂತ್ರಗಳ ಉಸ್ತುವಾರಿ ನನ್ನದು. ಯಾರ ಶಿಫಾರಸೂ ಇಲ್ಲದೆ ದುಡಿದು ಪಡೆದದ್ದು.

ಹೋದ ವರ್ಷ ಜೇವರ್ಗಿ ಕಾಲೋನಿಯ ಡಾಕ್ಟರಮ್ಮ ನನಗಿರುವುದು ಆಟಿಸಂ ಎಂದರು. ರೋಗವಲ್ಲ, ಹುಟ್ಟಿನಿಂದ ಬಂದದ್ದು. ತಲೆ ತುಂಬಿಬರುವ ಮೊದಲೇ ಎದ್ದು ಶಾಂತವಾದ ಜಾಗಕ್ಕೆ ಹೋಗಿಬಿಡಿ ಎಂದರು. ಹಾಗೆಯೇ ಮಾಡತೊಡಗಿದೆ. ಮನೆಯವರಿಗೆ ಹೇಳಲಿಲ್ಲ.

ಕಮಲಾಪುರದಲ್ಲಿ ಅಕ್ಕನ ಮಗಳ ನಿಶ್ಚಿತಾರ್ಥ. ಊಟಕ್ಕೆ ಕೂತಿದ್ದಾಗ ಬಾಜಾದವರು ಒಳಗೇ ಬಂದು ಬಾರಿಸತೊಡಗಿದರು. ತಾಟು ಬಿಟ್ಟು ಎದ್ದು ಬಸ್ ಹತ್ತಿಬಿಟ್ಟೆ. ನಮ್ಮಲ್ಲಿ ಸೋದರಮಾವ ಹಾಗೆ ಎದ್ದು ಹೋದನೆಂದರೆ ಅರ್ಥ ಒಂದೇ: ಮರ್ಯಾದೆಯಲ್ಲಿ ಏನೋ ಕಡಿಮೆಯಾಗಿದೆ.

ಆ ವಾರವೇ ಗಂಡಿನ ಕಡೆಯ ಇಬ್ಬರು ಹಿರಿಯರು ಅಕ್ಕನೊಂದಿಗೆ ಮಿಲ್ಲಿಗೇ ಬಂದರು. ಕೈಯಲ್ಲಿ ತಲೆಗೆ ಸುತ್ತುವ ಹೊಸ ಪಟಗಾ, ತೆಂಗಿನಕಾಯಿ.

"ಮಾವಾರ, ಸಿಟ್ಟು ಬಿಡ್ರಿ. ನಮ್ಮ ಹುಡುಗುರು ಹೋಳಿಗಿ ಬಡಸೂದು ತಡಾ ಮಾಡಿದ್ರಂತ," ಎಂದರು ದೊಡ್ಡವರು.

"ಹೋಳಿಗಿ ಮಾತಲ್ರಿ. ನನಗ ಸಿಟ್ಟೇ ಇಲ್ಲ. ಪಟಗಾ ಒಲ್ಲೆ."

"ನೋಡವ್ವಾ, ಸಿಟ್ಟು ಇನ್ನಾ ಇಳದಿಲ್ಲ," ಎಂದು ಇನ್ನೊಬ್ಬರು ಅಕ್ಕನ ಕಡೆ ತಿರುಗಿದರು. "ಉಂಗುರ ತರಬೇಕಿತ್ತು ಕಾಣಸ್ತದ."

ಅಕ್ಕ ಕಣ್ಣೊರೆಸಿಕೊಂಡಳು. "ತಮ್ಮಾ, ಲಗ್ನದಾಗ ಅಕ್ಕಿಕಾಳು ಬೀಳೂವಾಗ ಹುಡುಗಿ ಹಿಂದ ನೀ ನಿಂದ್ರಲಿಲ್ಲಂದ್ರ ಯಾರ್ ನಿಂದ್ರಬೇಕೋ?"

ಅಲ್ಲಿ ನಿಲ್ಲುವುದು ನನಗೂ ಬೇಕಿತ್ತು. ಸಣ್ಣವಳಿದ್ದಾಗ ಏನೂ ಕೇಳದೆ ನನ್ನ ಪಕ್ಕ ಕೂತು ಆಡುತ್ತಿದ್ದವಳು ಆ ಹುಡುಗಿ ಒಬ್ಬಳೇ. ಆದರೆ ಬಾಜಾ ಅತಿ ಜೋರಾಗುವುದೂ ಆ ಹೊತ್ತಿಗೇ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅವರ ಮುಂದೆ ಹೇಳಿದೆ.

"ಇಂಥಾ ಮಿಲ್ಲಿನಾಗ ನಿಂತು ಸಪ್ಪಳ ಆಗಲ್ಲಂತೀರಿ!" ದೊಡ್ಡವರು ನಕ್ಕರು.

"ಈ ಮಷೀನ್ ನಾ ಹೇಳದಽ ಚಾಲೂ ಆಗಲ್ರಿ."

ಅವರ ನಗು ನಿಂತಿತು. "ಆದ್ರೂ ಬಾಜಾ ಬಂದ್ ಮಾಡಾಕ ಬರೂದಿಲ್ರಿ. ಲಗ್ನ ಅದ."

"ಬಂದ್ ಮಾಡ್ರಿ ಅಂತ ನಾ ಎಲ್ಲಿ ಅಂದೀನಿ? ಆ ಪಟಗಾ ತರ್ರಿ ಇಲ್ಲಿ. ಅವತ್ತು ಕಿವಿ ಮುಚ್ಚೂಹಂಗ ಸುತ್ತಿಸ್ಕೋತೀನಿ. ಅಕ್ಕಾ, ಹಿತ್ತಲ ಕೋಣಿ ಕೀಲಿ ನನಗ ಕೊಡು. ಅಕ್ಕಿಕಾಳು ಮುಗಿದ ಮ್ಯಾಲ ಯಾರೂ ಕರೀಬಾರದು."

"ಊಟಕ್ಕ?"

"ಊಟಕ್ಕೂ."

ಲಗ್ನದ ದಿನ ಕಿವಿಗೆ ಹತ್ತಿ ತುರುಕಿ, ಮೇಲೆ ಪಟಗಾ ಸುತ್ತಿಸಿಕೊಂಡು ಹುಡುಗಿಯ ಹಿಂದೆ ನಿಂತೆ. ಬಾಜಾ ಎದ್ದಿತು. ಅವಳ ಜಡೆಯಲ್ಲಿ ಸಿಕ್ಕಿಕೊಂಡ ಅಕ್ಕಿಕಾಳುಗಳನ್ನೇ ನೋಡುತ್ತಾ ಕೊನೆಯವರೆಗೆ ನಿಂತೆ. ಆಮೇಲೆ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡೆ.

ಹೊರಗೆ ಯಾರೋ ಕೇಳಿದರು: "ಮಾವಾರು ಮತ್ತ ಸಿಟ್ಟಾದ್ರೇನು?"

"ಇಲ್ಲ. ಕುಂತಾನ. ಕುಂದರ್ಲಿ ಬಿಡ್ರಿ," ಎಂದಳು ಅಕ್ಕ.

ಕೀಲಿಯನ್ನು ಆಕೆ ವಾಪಸು ಕೇಳಲಿಲ್ಲ. ಈಗ ನನ್ನ ಹತ್ತಿರ ಇರುವುದು: ಒಂದು ಕೆಲಸ, ಕಲಬುರಗಿಯಲ್ಲಿ ಒಂದು ಬಾಡಿಗೆ ಕೋಣೆ, ಒಂದು ಪಟಗಾ, ಕಮಲಾಪುರದ ಒಂದು ಕೀಲಿ.